ಬಂಡೆ, ಬಯಲು, ನೀರು: ಬೆಂಗಳೂರಿನ ಸುತ್ತ ಭೂದೃಶ್ಯ ಛಾಯಾಗ್ರಹಣಕ್ಕೆ ಹೊರಡುವವರಿಗೆ ಮಾರ್ಗದರ್ಶಿ

ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ, ಒಳ್ಳೆಯ ಚಿತ್ರ ಸಿಗುವ ಜಾಗಗಳು ಯಾವುವು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಆ ಪ್ರಶ್ನೆಯ ಬೆನ್ನಿಗೇ ಇನ್ನೆರಡು ಬರುತ್ತವೆ: ಅದಕ್ಕೆ ಯಾವ ಕ್ಯಾಮೆರಾ ಬೇಕು, ಮತ್ತು ನಂದಿ ಬೆಟ್ಟಕ್ಕೆ ಎಷ್ಟು ಸಲ ಹೋದರೂ ಚಿತ್ರಗಳಲ್ಲಿ ಕಾಣುವಂಥ ಮಂಜು ನಮಗೇಕೆ ಸಿಗುವುದಿಲ್ಲ. ಈ ಮೂರಕ್ಕೂ ಒಟ್ಟಿಗೆ, ಹಂತ ಹಂತವಾಗಿ ಉತ್ತರ ಕೊಡಲು ಈ ಲೇಖನವನ್ನು ಬರೆದಿದ್ದೇನೆ. ಹೊಸದಾಗಿ ಶುರು ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡಿರುವುದರಿಂದ ಪಾರಿಭಾಷಿಕ ಪದಗಳನ್ನು ಬಂದಲ್ಲಿಯೇ ಬಿಡಿಸಿ ಹೇಳಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದು ಒಳ್ಳೆಯದು. ನಮ್ಮದು ಮೈದಾನ ಸೀಮೆ. ಮಲೆನಾಡಿನ ಹಸಿರು ಕಣಿವೆಗಳನ್ನು ಇಲ್ಲಿ ಹುಡುಕಿದರೆ ನಿರಾಸೆಯಾಗುತ್ತದೆ. ಇಲ್ಲಿನ ನಿಜವಾದ ಸಂಪತ್ತು ಕಲ್ಲು: ಒಂದೇ ಬಂಡೆಯಾಗಿ ಎದ್ದು ನಿಂತ ಬೆಟ್ಟಗಳು, ಅವುಗಳ ನಡುವೆ ಕುರುಚಲು ಕಾಡು, ತಪ್ಪಲಿನಲ್ಲಿ ಹಿಂದಿನವರು ಕಟ್ಟಿದ ಕೆರೆಗಳು. ರಾಮನಗರದ ಸುತ್ತಲಿನ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಭೂವಿಜ್ಞಾನಿಗಳು ಆ ಊರಿನ ಹಳೆಯ ಹೆಸರಿನಿಂದಲೇ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಈ ಕಲ್ಲಿನ ಮೇಲೆ ಬೆಳಕು ಹೇಗೆ ಬೀಳುತ್ತದೆ ಎಂಬುದನ್ನು ಕಲಿತವರಿಗೆ ಬೆಂಗಳೂರಿನ ಸುತ್ತ ವರ್ಷದ ಹನ್ನೆರಡು ತಿಂಗಳೂ ಕೆಲಸವಿದೆ.

1. ಜಾಗಕ್ಕಿಂತ ಮೊದಲು ಕಾಲವನ್ನು ಆರಿಸಿಕೊಳ್ಳಿ

ಹೆಚ್ಚಿನವರು ಜಾಗದ ಹೆಸರನ್ನು ಮೊದಲು ಗೊತ್ತುಮಾಡಿ, ರಜೆ ಸಿಕ್ಕ ದಿನ ಹೊರಡುತ್ತಾರೆ. ಇದನ್ನು ತಿರುಗಿಸಿ: ಈಗ ಯಾವ ತಿಂಗಳು ನಡೆಯುತ್ತಿದೆ, ಈ ತಿಂಗಳಿಗೆ ಯಾವ ಜಾಗ ಒಪ್ಪುತ್ತದೆ ಎಂದು ಯೋಚಿಸಿ. ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಮಂಜಿನ ವಿಷಯವನ್ನೇ ತೆಗೆದುಕೊಳ್ಳೋಣ. ಬೆಟ್ಟದ ತುದಿಯಲ್ಲಿ ನಿಂತಾಗ ಕೆಳಗಿನ ಕಣಿವೆ ತುಂಬ ಬಿಳಿ ಮಂಜು ಹರಡಿ, ಅದರಿಂದ ಗುಡ್ಡಗಳ ತಲೆಗಳು ಮಾತ್ರ ಹೊರಗೆ ಕಾಣುವ ದೃಶ್ಯ ನವೆಂಬರಿನಿಂದ ಫೆಬ್ರುವರಿಯವರೆಗಿನ ಚಳಿಗಾಲದ್ದು. ರಾತ್ರಿ ಆಕಾಶ ತಿಳಿಯಾಗಿದ್ದು, ಗಾಳಿ ನಿಂತಿದ್ದು, ನೆಲದಲ್ಲಿ ತೇವ ಉಳಿದಿದ್ದರೆ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯಲ್ಲಿನ ತೇವ ತಗ್ಗಿನಲ್ಲಿ ಮಂಜಾಗಿ ನಿಲ್ಲುತ್ತದೆ. ಮೇಲಿನ ಗಾಳಿ ಕೆಳಗಿನದಕ್ಕಿಂತ ಬೆಚ್ಚಗಿರುವುದರಿಂದ ಮಂಜು ಮೇಲೇಳುವುದಿಲ್ಲ, ನಾವು ಅದರ ಮೇಲಿರುತ್ತೇವೆ. ಜುಲೈ, ಆಗಸ್ಟ್ ತಿಂಗಳಲ್ಲಿ ನಡೆಯುವುದೇ ಬೇರೆ. ಆಗ ಮುಂಗಾರಿನ ಪಡುಗಾಳಿಯೊಂದಿಗೆ ಬರುವ ತಗ್ಗು ಮೋಡ ಬೆಟ್ಟದ ನೆತ್ತಿಯನ್ನೇ ಮುಚ್ಚುತ್ತದೆ, ನಾವು ಅದರ ಒಳಗೇ ನಿಂತಿರುತ್ತೇವೆ. ಹತ್ತು ಅಡಿ ಆಚೆಗೆ ಬಿಳುಪಲ್ಲದೆ ಇನ್ನೇನೂ ಕಾಣದು. ಮಳೆಗಾಲದಲ್ಲಿ ನಂದಿಗೆ ಹೋಗಿ ಬರಿಗೈಯಲ್ಲಿ ಬರುವವರಿಗೆ ಆಗುತ್ತಿರುವುದು ಇದೇ.

ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಕುರುಚಲು ಕಾಡು ಎಲೆ ಉದುರಿಸಿ ಬೂದು ಬಣ್ಣಕ್ಕೆ ತಿರುಗಿರುವಾಗ ಮುತ್ತುಗದ ಮರ ಕೆಂಡದ ಬಣ್ಣದ ಹೂ ಬಿಡುತ್ತದೆ. ಸಾವನದುರ್ಗ, ರಾಮನಗರದ ತಪ್ಪಲುಗಳಲ್ಲಿ ಬೂದು ಬಂಡೆಯ ಮುಂದೆ ಒಂಟಿ ಮುತ್ತುಗ ಸಿಕ್ಕರೆ ಬೇರೇನನ್ನೂ ಹುಡುಕಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯಲ್ಲಿ ದೂಳು ತುಂಬಿ ದೂರದ ನೋಟ ಮಸುಕಾಗಿರುತ್ತದೆ. ಆದರೆ ಮಧ್ಯಾಹ್ನದ ಮೇಲೆ ಮಳೆ ಮೋಡಗಳು ಗೋಪುರದಂತೆ ಬೆಳೆಯುವುದೂ, ಒಂದು ಜೋರು ಮಳೆಯಾದ ಮೇಲೆ ಗಾಳಿ ತೊಳೆದು ಕನ್ನಡಿಯಾಗುವುದೂ ಆಗಲೇ.

ಇಡೀ ವರ್ಷದಲ್ಲಿ ಒಂದೇ ತಿಂಗಳನ್ನು ಆರಿಸಿಕೊಳ್ಳಿ ಎಂದರೆ ನಾನು ಅಕ್ಟೋಬರನ್ನು ಆರಿಸುತ್ತೇನೆ. ಹಸ್ತ, ಚಿತ್ತ, ಸ್ವಾತಿ ಮಳೆಗಳ ಆ ದಿನಗಳಲ್ಲಿ ಕೆರೆಗಳಿಗೆ ನೀರು ಬಂದಿರುತ್ತದೆ, ಬಂಡೆಗಳ ಮೈ ತೊಳೆದಿರುತ್ತದೆ, ಹುಲ್ಲಿಗೆ ತೆನೆ ಬಂದಿರುತ್ತದೆ, ಆಕಾಶದಲ್ಲಿ ಬಿಡಿಬಿಡಿ ಮೋಡಗಳಿರುತ್ತವೆ. ಬಂಡೆಗಳ ನೆತ್ತಿಯಲ್ಲಿರುವ ದೊಣೆಗಳು, ಅಂದರೆ ಕಲ್ಲಿನಲ್ಲಿ ತಾನಾಗಿ ಆದ ಗುಳಿಗಳು, ಮಳೆನೀರಿನಿಂದ ತುಂಬಿರುತ್ತವೆ. ಬೆಳಗಿನ ಹೊತ್ತು ಗಾಳಿ ಏಳುವ ಮೊದಲು ಅಂಥ ದೊಣೆಯ ಪಕ್ಕ ಮಂಡಿಯೂರಿ, ಕ್ಯಾಮೆರಾವನ್ನು ನೀರಿನಿಂದ ಒಂದು ಗೇಣು ಎತ್ತರಕ್ಕೆ ಇಳಿಸಿ ನೋಡಿ. ಮೇಲಿನಿಂದ ನೋಡುವಾಗ ಕಂದು ನೀರಾಗಿ ಕಂಡದ್ದರಲ್ಲಿ ಈಗ ಆಕಾಶ ಪೂರ್ತಿ ಇಳಿದಿರುತ್ತದೆ. ಅಂಚಿನಲ್ಲಿ ಕೂದಲೆಳೆಯಂಥ ಹುಲ್ಲು, ನೀರಿನ ಮೇಲೆ ಓಡುವ ಹುಳ, ತಳದಲ್ಲಿ ಗೊದಮೊಟ್ಟೆ, ಇವೆಲ್ಲ ಚಿತ್ರದ ಮುಂಭಾಗವಾಗುತ್ತವೆ. ದೊಣೆಯಲ್ಲಿ ಕಾಲಿಡಬೇಡಿ, ಕೈ ತೊಳೆಯಲೂ ಬೇಡಿ. ಅಲ್ಲಿನ ಜೀವಿಗಳಿಗೆ ಇರುವುದು ಅಷ್ಟೇ ನೀರು.

2. ಬೆಳಕಿನ ದಿಕ್ಕನ್ನು ಮನೆಯಲ್ಲಿಯೇ ಲೆಕ್ಕ ಹಾಕಿ

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಈ ಒಂದು ಸಂಗತಿಯಿಂದ ಛಾಯಾಗ್ರಾಹಕರಿಗೆ ಮೂರು ಪರಿಣಾಮಗಳಾಗುತ್ತವೆ.

ಮೊದಲನೆಯದಾಗಿ, ಸೂರ್ಯ ಇಲ್ಲಿ ಹೆಚ್ಚು ಓರೆಯಾಗದೆ ಸರಸರನೆ ಮೇಲೇರುತ್ತಾನೆ. ಛಾಯಾಗ್ರಾಹಕರು ‘ಗೋಲ್ಡನ್ ಅವರ್’ ಎನ್ನುವ ಹೊಂಬೆಳಕಿನ ಸಮಯ, ಎಂದರೆ ಸೂರ್ಯ ದಿಗಂತದ ಹತ್ತಿರವಿದ್ದು ಬೆಳಕು ಬೆಚ್ಚಗೆ, ಮೃದುವಾಗಿ, ಅಡ್ಡವಾಗಿ ಬೀಳುವ ಹೊತ್ತು, ಯುರೋಪಿನಂಥ ಉತ್ತರದ ದೇಶಗಳಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ನಮ್ಮಲ್ಲಿ ಸೂರ್ಯ ದಿಗಂತದಿಂದ 6 ಡಿಗ್ರಿ ಮೇಲೇರಲು ಅರ್ಧ ಗಂಟೆಯೂ ಬೇಕಾಗುವುದಿಲ್ಲ. ಆದ್ದರಿಂದ ಸೂರ್ಯೋದಯದ ಹೊತ್ತಿಗೆ ಜಾಗ ತಲುಪಿದರೆ ತಡವಾಯಿತೆಂದೇ ಲೆಕ್ಕ. ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮೊದಲೇ ಟ್ರೈಪಾಡ್, ಎಂದರೆ ಕ್ಯಾಮೆರಾ ಕೂರಿಸುವ ಮೂರು ಕಾಲಿನ ಆಧಾರ, ನಿಂತಿರಬೇಕು.

ಎರಡನೆಯದಾಗಿ, ಸೂರ್ಯ ಹುಟ್ಟುವ ಜಾಗ ವರ್ಷವಿಡೀ ಸರಿಯುತ್ತಿರುತ್ತದೆ. ಜೂನ್ ಕೊನೆಯ ವಾರದಲ್ಲಿ ಅದು ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೂ, ಡಿಸೆಂಬರ್ ಕೊನೆಯಲ್ಲಿ ಅಷ್ಟೇ ದಕ್ಷಿಣಕ್ಕೂ ಇರುತ್ತದೆ. ಕೈಯನ್ನು ಉದ್ದಕ್ಕೆ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಹಾಗಾದರೆ ಎರಡು ತುದಿಗಳ ನಡುವಿನ ಅಂತರ ಐದು ಮುಷ್ಟಿಯಷ್ಟು. ಎರಡು ಗುಡ್ಡಗಳ ನಡುವಿನಿಂದ ಸೂರ್ಯ ಏಳುವ ಚಿತ್ರವನ್ನು ಬೇರೆಯವರು ಡಿಸೆಂಬರಿನಲ್ಲಿ ತೆಗೆದಿದ್ದರೆ, ಮೇ ತಿಂಗಳಲ್ಲಿ ಅದೇ ಕಲ್ಲಿನ ಮೇಲೆ ನಿಂತರೂ ನಿಮಗೆ ಅದು ಸಿಗುವುದಿಲ್ಲ. ಸೂರ್ಯ, ಚಂದ್ರರ ದಿಕ್ಕನ್ನು ನಕ್ಷೆಯ ಮೇಲೆ ಗೆರೆಯಾಗಿ ತೋರಿಸುವ ಮೊಬೈಲ್ ಆ್ಯಪ್‌ಗಳಿವೆ. ಅಂಥದ್ದೊಂದನ್ನು ಹಾಕಿಕೊಂಡು, ಹೊರಡುವ ಹಿಂದಿನ ರಾತ್ರಿ ನೀವು ನಿಲ್ಲುವ ಜಾಗ, ಎದುರಿನ ಬೆಟ್ಟ, ಸೂರ್ಯನ ಗೆರೆ ಈ ಮೂರನ್ನೂ ನೋಡಿಕೊಳ್ಳಿ.

ಮೂರನೆಯದಾಗಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆ ವಾರಗಳ ನಡುಹಗಲಿನಲ್ಲಿ ಬಂಡೆಗೆ ನೆರಳೇ ಇರುವುದಿಲ್ಲ, ಬಂಡೆಯ ಉಬ್ಬುತಗ್ಗು ಚಿತ್ರದಲ್ಲಿ ಅಳಿಸಿಹೋಗುತ್ತದೆ. ಕ್ಯಾಮೆರಾವನ್ನು ಚೀಲದಲ್ಲಿಟ್ಟು ಮುಂದಿನ ಜಾಗ ನೋಡಿಕೊಂಡು ಬರಲು ಆ ಹೊತ್ತನ್ನು ಬಳಸಿ.

ಚಂದ್ರೋದಯದ ಚಿತ್ರ ಬೇಕಾದವರಿಗೆ ಒಂದು ಕಿವಿಮಾತು. ಹುಣ್ಣಿಮೆಯಂದು ಚಂದ್ರ ಹೆಚ್ಚುಕಡಿಮೆ ಸೂರ್ಯ ಮುಳುಗುವಾಗಲೇ ಹುಟ್ಟುತ್ತಾನೆ. ಅವನು ಬೆಟ್ಟದಿಂದ ಮೇಲೆ ಬರುವಷ್ಟರಲ್ಲಿ ನೆಲ ಕತ್ತಲಾಗಿರುತ್ತದೆ. ಹಿಂದಿನ ದಿನವೇ ಹೋದರೆ ಚಂದ್ರ ಸೂರ್ಯಾಸ್ತಕ್ಕಿಂತ ಮೊದಲೇ ಏರಿರುತ್ತಾನೆ, ಬಂಡೆಯ ಮೇಲೆ ಸಂಜೆಯ ಬೆಳಕೂ ಉಳಿದಿರುತ್ತದೆ.

3. ಲಾಲ್‌ಬಾಗಿನ ಬಂಡೆಯ ಮೇಲೆ ಕೈ ಪಳಗಿಸಿಕೊಳ್ಳಿ

ಐವತ್ತು ಕಿಲೋಮೀಟರ್ ಹೋಗುವ ಮೊದಲು ಊರಿನೊಳಗೇ ಅಭ್ಯಾಸ ಮಾಡಬಹುದು. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ಎಂದರೆ ಭೂಮಿಯೊಳಗಿನ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾಗಿ ರೂಪಾಂತರಗೊಂಡ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬೆಳಿಗ್ಗೆ ಬೇಗ ಹೋಗಿ, ಗೋಪುರಕ್ಕೆ ಬೆನ್ನು ಮಾಡಿ, ಕಾಲ ಬುಡದಲ್ಲಿರುವ ಬಿಳಿ ಮತ್ತು ಬೂದು ಪಟ್ಟೆಗಳನ್ನು ನೋಡಿ. ಅಡ್ಡ ಬೆಳಕಿನಲ್ಲಿ ಅವು ಹೇಗೆ ಎದ್ದು ಕಾಣುತ್ತವೆ, ಬಿಸಿಲು ಏರಿದಂತೆ ಹೇಗೆ ಮಂಕಾಗುತ್ತವೆ ಎಂಬುದನ್ನು ಒಂದೇ ಜಾಗದಿಂದ ಹತ್ತು ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆದು ಹೋಲಿಸಿ. ಇದಕ್ಕೆ ಮೊಬೈಲ್ ಸಾಕು. ಟ್ರೈಪಾಡನ್ನೋ ದೊಡ್ಡ ಕ್ಯಾಮೆರಾವನ್ನೋ ಒಯ್ಯುವುದಾದರೆ ಟಿಕೆಟ್ ಕೌಂಟರಿನಲ್ಲಿ ನಿಯಮ ಮತ್ತು ಶುಲ್ಕವನ್ನು ಮೊದಲೇ ವಿಚಾರಿಸಿಕೊಳ್ಳಿ.

4. ಚೀಲದಲ್ಲಿ ಇರಬೇಕಾದದ್ದು

ಕ್ಯಾಮೆರಾ ಯಾವುದಾದರೂ ಆಗಬಹುದು. ಕೈಯಿಂದ ಶಟರ್ ವೇಗ ಮತ್ತು ಐಎಸ್‌ಒ ಬದಲಿಸಲು ಬಿಡುವ ಮೊಬೈಲ್ ಇದ್ದರೂ ಕೆಲಸ ನಡೆಯುತ್ತದೆ. (ಶಟರ್ ಎಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆ, ಅದು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದೇ ಶಟರ್ ವೇಗ. ಐಎಸ್‌ಒ ಎಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸಬೇಕು ಎಂಬ ಅಳತೆ, ಅದನ್ನು ಏರಿಸಿದಷ್ಟೂ ಚಿತ್ರದಲ್ಲಿ ಕಾಳುಕಾಳು ಹೆಚ್ಚುತ್ತದೆ.) ಹಣ ಖರ್ಚು ಮಾಡುವುದೇ ಆದರೆ ಹೊಸ ಕ್ಯಾಮೆರಾಗಿಂತ ಮೊದಲು ಗಟ್ಟಿಯಾದ ಟ್ರೈಪಾಡ್ ಕೊಳ್ಳಿ. ಬೆಟ್ಟದ ಮೇಲಿನ ಗಾಳಿಗೆ ಹಗುರವಾದ ಟ್ರೈಪಾಡ್ ನಡುಗುತ್ತದೆ. ಅದರ ನಡುಗಂಬವನ್ನು ಮೇಲಕ್ಕೆತ್ತದೆ, ಕೆಳಗಿನ ಕೊಕ್ಕೆಗೆ ಚೀಲ ತೂಗುಹಾಕಿ.

ಫಿಲ್ಟರುಗಳಲ್ಲಿ ಎರಡು ಸಾಕು. ಪೋಲರೈಸರ್ ಫಿಲ್ಟರ್ ಒದ್ದೆ ಕಲ್ಲು, ಎಲೆ ಮತ್ತು ನೀರಿನ ಮೇಲಿನ ಹೊಳಪನ್ನು ಕಡಿಮೆ ಮಾಡಿ ಅವುಗಳ ನಿಜವಾದ ಬಣ್ಣವನ್ನು ಹೊರತರುತ್ತದೆ. ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ ಇರುವಾಗ ಅದರ ಪರಿಣಾಮ ಹೆಚ್ಚು, ಎದುರಿಗೋ ಬೆನ್ನಿಗೋ ಇದ್ದರೆ ಬಹಳ ಕಡಿಮೆ. ತುಂಬ ಅಗಲದ ಲೆನ್ಸಿಗೆ, ಎಂದರೆ ಬಹಳ ಅಗಲದ ನೋಟವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಲೆನ್ಸಿಗೆ, ಅದನ್ನು ಹಾಕಿದರೆ ನೀಲಿ ಆಕಾಶದ ಒಂದು ಭಾಗ ಮಾತ್ರ ಕಡುವಾಗಿ ಕಲೆಯಂತೆ ಕಾಣುತ್ತದೆ. ಹೊಸಬರು ಇದನ್ನು ಮನೆಗೆ ಬಂದ ಮೇಲೆಯೇ ಗಮನಿಸುತ್ತಾರೆ. ಎರಡನೆಯದು ಎನ್‌ಡಿ ಫಿಲ್ಟರ್: ಇದು ಬಣ್ಣ ಬದಲಿಸದೆ ಬೆಳಕನ್ನು ಮಾತ್ರ ತಗ್ಗಿಸುವ ಕಪ್ಪು ಗಾಜು. ಒಂದು ಸ್ಟಾಪ್ ತಗ್ಗಿಸುವುದೆಂದರೆ ಬೆಳಕನ್ನು ಅರ್ಧಕ್ಕೆ ಇಳಿಸುವುದು. 6 ಸ್ಟಾಪ್ ಎನ್‌ಡಿ ಬೆಳಕನ್ನು 64 ಪಟ್ಟು ತಗ್ಗಿಸುವುದರಿಂದ, ಸೆಕೆಂಡಿನ 30ನೇ ಒಂದು ಭಾಗ ಸಾಕಾಗುತ್ತಿದ್ದ ಕಡೆ ಸುಮಾರು 2 ಸೆಕೆಂಡ್ ಶಟರ್ ತೆರೆದಿಡಬಹುದು. ಜಲಪಾತದ ನೀರು ರೇಷ್ಮೆಯಂತೆ ಕಾಣುವುದು ಹೀಗೆ.

ಇವಲ್ಲದೆ ತಲೆಗೆ ಕಟ್ಟಿಕೊಳ್ಳುವ ಟಾರ್ಚ್, ಲೆನ್ಸ್ ಒರೆಸಲು ಹತ್ತಿ ಬಟ್ಟೆ, ಹೆಚ್ಚುವರಿ ಬ್ಯಾಟರಿ, ತಲಾ ಎರಡು ಲೀಟರ್ ನೀರು, ಹಿಡಿತವಿರುವ ಬೂಟು. ಸೆಂಟು ಹಾಕಿಕೊಳ್ಳಬೇಡಿ, ಕಾರಣವನ್ನು ಮುಂದೆ ಹೇಳುತ್ತೇನೆ.

5. ಜಾಗವನ್ನು ಅದರ ಗುಣಕ್ಕೆ ತಕ್ಕಂತೆ ನೋಡಿ

ಸಾವನದುರ್ಗ ಮತ್ತು ಮಂಚನಬೆಲೆ. ನನಗೆ ಅತ್ಯಂತ ಪ್ರಿಯವಾದ ಜಾಗ ಇದು. ಮಾಗಡಿ ತಾಲ್ಲೂಕಿನಲ್ಲಿರುವ ಸಾವನದುರ್ಗ 1226 ಮೀಟರ್ ಎತ್ತರದ ಏಕಶಿಲಾ ಬೆಟ್ಟ. ಕರಿಗುಡ್ಡ, ಬಿಳಿಗುಡ್ಡ ಎಂದು ಅದರ ಎರಡು ಭಾಗಗಳಿವೆ. ಬಹುತೇಕರು ಬೆಟ್ಟ ಹತ್ತಿ ತುದಿಯಿಂದ ಕೆಳಗಿನ ಚಿತ್ರ ತೆಗೆಯುತ್ತಾರೆ. ನನ್ನ ಸಲಹೆ ಬೇರೆ: ಸಾವನದುರ್ಗದ ಮೇಲೆ ನಿಂತರೆ ಸಾವನದುರ್ಗವೇ ಚಿತ್ರದಲ್ಲಿರುವುದಿಲ್ಲ. ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯದ ಕಡೆಗೆ ಬನ್ನಿ. ಅಲ್ಲಿಂದ ಬೆಟ್ಟ ವಾಯವ್ಯಕ್ಕಿದೆ. ಬೆಳಗಿನ ಬಿಸಿಲು ನಿಮ್ಮ ಬಲ ಹಿಂಬದಿಯಿಂದ ಬಂದು ಬಂಡೆಯ ಮುಖದ ಮೇಲೆ ಬೀಳುತ್ತದೆ, ಸಂಜೆ ಅದೇ ಬೆಟ್ಟ ಕೆಂಪು ಆಕಾಶದ ಪಕ್ಕ ಕಪ್ಪು ಆಕೃತಿಯಾಗುತ್ತದೆ. ಒಂದೇ ಜಾಗದಿಂದ ಎರಡು ಬಗೆಯ ಚಿತ್ರ.

ಉದ್ದ ಲೆನ್ಸ್ ಇದ್ದರೆ, ಅಂದರೆ 200 ಮಿ.ಮೀ. ಆಸುಪಾಸಿನ, ದೂರದ್ದನ್ನು ಹತ್ತಿರ ತರುವ ಲೆನ್ಸ್ ಇದ್ದರೆ, ಬಂಡೆಯ ಮೈಯನ್ನು ಮಾತ್ರ ಚೌಕಟ್ಟಿನಲ್ಲಿ ತುಂಬಿ ನೋಡಿ. ನೆತ್ತಿಯಿಂದ ಬುಡದವರೆಗೆ ಇಳಿದಿರುವ ಕಪ್ಪು ಪಟ್ಟೆಗಳು ಮಳೆನೀರು ಪ್ರತಿವರ್ಷ ಹರಿಯುವ ದಾರಿಗಳು; ಅಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುವುದರಿಂದ ಸೂಕ್ಷ್ಮ ಪಾಚಿಗಳು ಬೆಳೆದು, ಒಣಗಿ, ಕಲ್ಲನ್ನು ಕಪ್ಪಾಗಿಸಿವೆ. ಅವುಗಳ ನಡುವೆ ಉಳಿದ ಕಲ್ಲಿನಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜದ ತಿಳಿ ಗುಲಾಬಿ ಛಾಯೆ ಇರುತ್ತದೆ, ಮಳೆಯಾಗಿ ಬಿಸಿಲು ಬಂದ ಕ್ಷಣದಲ್ಲಿ ಅದು ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಆಕಾಶವೇ ಇಲ್ಲದ ಅಂಥ ಚಿತ್ರಗಳೇ ಈ ಬೆಟ್ಟದ ನಿಜವಾದ ಭಾವಚಿತ್ರಗಳೆಂದು ನಾನು ನಂಬಿದ್ದೇನೆ.

ರಾಮನಗರ. ಬೆಂಗಳೂರಿನಿಂದ ಸುಮಾರು 50 ಕಿ.ಮೀ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ಅಳಿವಿನಂಚಿನಲ್ಲಿರುವ ಉದ್ದ ಕೊಕ್ಕಿನ ರಣಹದ್ದುಗಳಿಗೆ ಇಲ್ಲಿನ ಕಡಿದಾದ ಬಂಡೆಗಳು ಆಶ್ರಯ. ಆದ್ದರಿಂದ ಇಲ್ಲಿ ಮೆಟ್ಟಿಲ ದಾರಿ ಬಿಟ್ಟು ಬಂಡೆಗಳ ಕಡೆ ನುಗ್ಗಬಾರದು, ಗೂಡಿನ ಜಾಗ ಕಂಡರೆ ಹತ್ತಿರ ಹೋಗಬಾರದು, ಕೂಗಬಾರದು. ಭೂದೃಶ್ಯವನ್ನಷ್ಟೇ ಬಯಸುವವರಿಗೆ ಸಮೀಪದ ರೇವಣಸಿದ್ಧೇಶ್ವರ ಬೆಟ್ಟದಿಂದ ಸುತ್ತಲಿನ ಗುಡ್ಡಗಳ ಸಾಲುಗಳು ಒಂದರ ಹಿಂದೊಂದು ಚೆನ್ನಾಗಿ ಕಾಣುತ್ತವೆ. ಚಳಿಗಾಲದ ಬೆಳಗಿನ ತೆಳುಮಂಜು ಆ ಸಾಲುಗಳನ್ನು ಬೇರೆಬೇರೆಯಾಗಿ ಬಿಡಿಸಿ ತೋರಿಸುತ್ತದೆ. ಅಗಲ ಲೆನ್ಸಿಗಿಂತ ಉದ್ದ ಲೆನ್ಸ್ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ನಂದಿ ಮತ್ತು ಅದರ ಸುತ್ತಲಿನ ಗಿರಿಗಳು. 1478 ಮೀಟರ್ ಎತ್ತರದ ನಂದಿಯಲ್ಲಿ ಒಂದು ಲೆಕ್ಕವನ್ನು ಮರೆಯಬಾರದು. ಮೇ ಕೊನೆಯಲ್ಲಿ ಸೂರ್ಯೋದಯ 5.55ಕ್ಕಿಂತ ಮೊದಲೇ ಆಗುತ್ತದೆ. ಜನವರಿ ಕೊನೆಯಲ್ಲಿ ಸುಮಾರು 6.45ಕ್ಕೆ. ಗೇಟು ತೆರೆದು, ವಾಹನ ನಿಲ್ಲಿಸಿ, ನಡೆದು ಅಂಚಿಗೆ ಬರುವಷ್ಟರಲ್ಲಿ ಬೇಸಿಗೆಯ ಸೂರ್ಯ ಮೇಲೇರಿಬಿಟ್ಟಿರುತ್ತಾನೆ. ಚಳಿಗಾಲದಲ್ಲಿ ಮಾತ್ರ ನಿಮಗೆ ಸಮಯವಿರುತ್ತದೆ, ಅದೃಷ್ಟವಿದ್ದರೆ ಮಂಜೂ ಇರುತ್ತದೆ. ಶನಿವಾರ, ಭಾನುವಾರಗಳ ಜನಜಂಗುಳಿಯಲ್ಲಿ ಟ್ರೈಪಾಡ್ ಊರಲು ಜಾಗ ಸಿಗುವುದೇ ಕಷ್ಟ. ವಾರದ ನಡುವೆ ಹೋಗಲಾಗದಿದ್ದರೆ ಬೆಟ್ಟ ಹತ್ತದೆಯೇ ತಪ್ಪಲಿನ ಕೆರೆಯಂಚು, ದ್ರಾಕ್ಷಿ ಮತ್ತು ಹೂವಿನ ತೋಟಗಳ ಕಡೆಯಿಂದ ನಂದಿ, ಚನ್ನಗಿರಿ, ಬ್ರಹ್ಮಗಿರಿಗಳನ್ನು ಚಿತ್ರಿಸಿ. ತೋಟದೊಳಗೆ ಕಾಲಿಡುವ ಮೊದಲು ಮಾಲೀಕರನ್ನು ಕೇಳಿ. ನಯವಾಗಿ ಕೇಳಿದವರಿಗೆ ಇಲ್ಲ ಎನ್ನುವವರು ಕಡಿಮೆ.

ಹೆಸರಘಟ್ಟದ ಹುಲ್ಲುಗಾವಲು. ಇಲ್ಲಿ ಬೆಟ್ಟವಿಲ್ಲ, ಬಂಡೆಯಿಲ್ಲ. ಇರುವುದು ಬಯಲು ಮತ್ತು ಆಕಾಶ. ಬೆಂಗಳೂರಿಗೆ ನೀರು ಕೊಡಲು ಅರ್ಕಾವತಿಯ ಮೇಲೆ 1894ರಲ್ಲಿ ಕಟ್ಟಿದ ಕೆರೆಯ ಪಕ್ಕದಲ್ಲಿರುವ ಈ ಹುಲ್ಲುಗಾವಲು ನಗರದ ಹತ್ತಿರ ಉಳಿದಿರುವ ದೊಡ್ಡ ಹುಲ್ಲುಗಾವಲುಗಳಲ್ಲಿ ಕೊನೆಯದು. ಅದನ್ನು ಪಾಳುಭೂಮಿ ಎಂದು ತಿಳಿದು ಹುಲ್ಲಿನ ಮೇಲೆಯೇ ಜೀಪು, ಬೈಕು ಓಡಿಸುವವರಿದ್ದಾರೆ. ನೆಲಗುಬ್ಬಿಯಂಥ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ, ಒಂದು ಚಕ್ರ ಉರುಳಿದರೆ ಒಂದು ಸಂಸಾರ ಮುಗಿಯಿತು. ವಾಹನವನ್ನು ರಸ್ತೆಯಲ್ಲಿಯೇ ಬಿಟ್ಟು, ಇರುವ ಕಾಲುದಾರಿಯಲ್ಲಿ ನಡೆಯಿರಿ. ಜುಲೈಯಲ್ಲಿ ಎಳೆ ಹಸಿರು, ನವೆಂಬರಿನಲ್ಲಿ ಹೊನ್ನಿನ ಬಣ್ಣ. ಸೂರ್ಯನಿಗೆ ಎದುರಾಗಿ ಕುಳಿತರೆ ಹುಲ್ಲಿನ ತೆನೆಗಳ ಅಂಚು ಬೆಳಗುತ್ತದೆ. ಚಿತ್ರದ ಮುಕ್ಕಾಲು ಭಾಗವನ್ನು ಆಕಾಶಕ್ಕೆ ಬಿಟ್ಟುಕೊಡಲು ಇಲ್ಲಿ ಹಿಂಜರಿಯಬೇಡಿ.

ಶಿವನಸಮುದ್ರ. ಗಗನಚುಕ್ಕಿ, ಭರಚುಕ್ಕಿಗಳಿಗೆ ಸುಮಾರು 130 ಕಿ.ಮೀ. ದಾರಿ. 1902ರಿಂದ ಇಲ್ಲಿ ಕಾವೇರಿಯ ನೀರನ್ನು ವಿದ್ಯುತ್ತಿಗಾಗಿ ತಿರುಗಿಸಲಾಗುತ್ತಿದೆ. ಮೇಲಿನ ಜಲಾಶಯಗಳಿಂದ ನೀರು ಬಿಡದಿದ್ದಾಗ ಜಲಪಾತದಲ್ಲಿ ಬಂಡೆಯೇ ಹೆಚ್ಚು. ಜುಲೈಯಿಂದ ಅಕ್ಟೋಬರಿನ ನಡುವೆ, ಕೃಷ್ಣರಾಜಸಾಗರ ಮತ್ತು ಕಬಿನಿಯಿಂದ ಹೊರಹರಿವು ಹೆಚ್ಚಿರುವ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿ ಹೊರಡಿ. ಪ್ರವಾಹವೇ ಇದ್ದರೆ ನೀರು ಕೆಸರುಬಣ್ಣಕ್ಕೆ ತಿರುಗಿ, ತುಂತುರು ಲೆನ್ಸನ್ನು ಮುಚ್ಚುತ್ತದೆ. ಹರಿವು ಸ್ವಲ್ಪ ಇಳಿದ ದಿನ ನೀರು ಎಳೆಎಳೆಯಾಗಿ ಬಂಡೆಗಳ ನಡುವೆ ಬಿಡಿಸಿಕೊಳ್ಳುತ್ತದೆ. ಮೋಡ ಕವಿದ ದಿನ ಜಲಪಾತಕ್ಕೆ ಅತ್ಯುತ್ತಮ, ಏಕೆಂದರೆ ಬಿಸಿಲಿನಲ್ಲಿ ಬಿಳಿ ನೀರಿನ ವಿವರ ಪೂರ್ತಿ ಸುಟ್ಟುಹೋಗುತ್ತದೆ.

6. ಅನುಮತಿ ಮತ್ತು ಸಮಯವನ್ನು ಖಚಿತಪಡಿಸಿಕೊಳ್ಳಿ

ಸ್ಕಂದಗಿರಿಯಂಥ ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ವ್ಯವಸ್ಥೆಯಲ್ಲಿ ಆನ್‌ಲೈನ್ ಮೂಲಕ ಮುಂಗಡ ಟಿಕೆಟ್ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇರುತ್ತದೆ. ಪ್ರವೇಶದ ಸಮಯ, ವಾರಾಂತ್ಯದ ನಿರ್ಬಂಧ, ಮಳೆಗಾಲದ ತಾತ್ಕಾಲಿಕ ನಿಷೇಧ ಇವು ಆಗಾಗ ಬದಲಾಗುವುದರಿಂದ ಹಳೆಯ ಮಾಹಿತಿಯನ್ನು ನಂಬದೆ ಹೊರಡುವ ಹಿಂದಿನ ದಿನ ಮತ್ತೆ ನೋಡಿ. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳನ್ನು ಓದಿಕೊಂಡಿರಬೇಕು. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದ ನಕ್ಷೆಯಲ್ಲಿ ಆ ಜಾಗ ಹಸಿರು, ಹಳದಿ, ಕೆಂಪು ವಲಯಗಳಲ್ಲಿ ಯಾವುದರಲ್ಲಿದೆ ಎಂದು ತಿಳಿಯದೆ ಹಾರಿಸಬಾರದು. ವನ್ಯಧಾಮಗಳ ಮೇಲೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡ್ರೋನ್ ಬೇಡವೇ ಬೇಡ. ರಣಹದ್ದುಗಳಿರುವ ರಾಮನಗರದಲ್ಲಂತೂ ಅದರ ಯೋಚನೆಯನ್ನೇ ಬಿಡಿ.

7. ಸ್ಥಳದಲ್ಲಿ ಕೆಲಸದ ಕ್ರಮ

ತಲುಪಿದ ಕೂಡಲೇ ಟ್ರೈಪಾಡ್ ಬಿಚ್ಚಬೇಡಿ. ಐದು ನಿಮಿಷ ಬರಿಗಣ್ಣಿನಲ್ಲಿ ಓಡಾಡಿ, ಮುಂಭಾಗಕ್ಕೆ ಏನಿದೆ ಎಂದು ಹುಡುಕಿ: ಒಂದು ದೊಣೆ, ಬಂಡೆಯ ಬಿರುಕು, ಹುಲ್ಲಿನ ಗುಚ್ಛ. ದೂರದ ಬೆಟ್ಟ ಎಷ್ಟೇ ಸುಂದರವಾಗಿದ್ದರೂ ಮುಂಭಾಗ ಖಾಲಿಯಿದ್ದರೆ ಅಗಲ ಲೆನ್ಸಿನಲ್ಲಿ ಬೆಟ್ಟ ಗುಬ್ಬಚ್ಚಿಯಷ್ಟಾಗಿ ಕಾಣುತ್ತದೆ.

ನಂತರ ಐಎಸ್‌ಒ 100, ಅಪರ್ಚರ್ ಎಫ್/8ರಿಂದ ಎಫ್/11ರ ನಡುವೆ ಇಡಿ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ. ಈ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದಾಗಿ, ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸಂವೇದಕ ಇರುವ ಕ್ಯಾಮೆರಾ) 20 ಮಿ.ಮೀ. ಲೆನ್ಸ್ ಹಾಕಿ, ಎಫ್/11 ಇಟ್ಟು, ಸುಮಾರು ಒಂದೂವರೆ ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ ಮುಕ್ಕಾಲು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಎಫ್/22ರವರೆಗೆ ಹೋಗಬೇಡಿ. ಕಿಂಡಿ ತೀರಾ ಕಿರಿದಾದರೆ ಬೆಳಕು ಅಂಚಿನಲ್ಲಿ ಬಾಗಿ ಇಡೀ ಚಿತ್ರವೇ ತುಸು ಮಸುಕಾಗುತ್ತದೆ.

ಫೈಲನ್ನು ರಾ ರೂಪದಲ್ಲಿ ಉಳಿಸಿ, ಅಂದರೆ ಕ್ಯಾಮೆರಾ ತನ್ನಷ್ಟಕ್ಕೆ ಬಣ್ಣ ಬಳಿಯದ, ಎಲ್ಲ ವಿವರ ಉಳಿದಿರುವ ಕಚ್ಚಾ ಫೈಲು. ಪ್ರತಿ ಚಿತ್ರದ ನಂತರ ಹಿಸ್ಟೊಗ್ರಾಮ್ ನೋಡಿ. ಎಡಗಡೆ ಕಪ್ಪು, ಬಲಗಡೆ ಬಿಳುಪು ಎಂದು ಚಿತ್ರದ ಬೆಳಕಿನ ಹಂಚಿಕೆಯನ್ನು ತೋರಿಸುವ ಗುಡ್ಡದಾಕಾರದ ನಕ್ಷೆ ಅದು. ಅದು ಬಲ ಅಂಚಿಗೆ ಒತ್ತಿಕೊಂಡಿದ್ದರೆ ಆಕಾಶದ ವಿವರ ಕಳೆದುಹೋಗಿದೆ ಎಂದರ್ಥ. ಆಕಾಶ ತುಂಬ ಬೆಳಗಿದ್ದು ನೆಲ ಕತ್ತಲಾಗಿದ್ದರೆ ಬ್ರಾಕೆಟಿಂಗ್ ಮಾಡಿ: ಒಂದೇ ಚೌಕಟ್ಟನ್ನು ಕಡಿಮೆ, ಸಮ ಮತ್ತು ಹೆಚ್ಚು ಬೆಳಕಿನಲ್ಲಿ ಮೂರು ಸಲ ತೆಗೆದು ಮನೆಯಲ್ಲಿ ಜೋಡಿಸುವ ವಿಧಾನ. ಶಟರ್ ಒತ್ತುವಾಗಿನ ಅಲುಗಾಟ ತಪ್ಪಿಸಲು 2 ಸೆಕೆಂಡಿನ ಟೈಮರ್ ಹಾಕಿ.

ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಹೊರಡುತ್ತಾರೆ. ನೀವು ಇನ್ನೊಂದು ಇಪ್ಪತ್ತು ನಿಮಿಷ ನಿಲ್ಲಿ. ಮೇಲಿನ ಮೋಡಗಳಿಗೆ ಬಣ್ಣ ಬರುವುದು ಎಷ್ಟೋ ಸಲ ಆಮೇಲೆಯೇ. ಹಿಂದಕ್ಕೆ ತಿರುಗಿಯೂ ನೋಡಿ, ಪೂರ್ವದ ಆಕಾಶದ ತಿಳಿ ಗುಲಾಬಿಯಲ್ಲಿ ಗ್ರಾನೈಟ್ ಬೇರೆಯದೇ ಬಣ್ಣದ್ದಾಗಿರುತ್ತದೆ. ಆದರೆ ಗೇಟು ಮುಚ್ಚುವ ಹೊತ್ತು, ಕತ್ತಲಾದ ಮೇಲೆ ಇರಕೂಡದ ಕಾಡಿನ ಪ್ರದೇಶ, ಇವುಗಳ ಮಿತಿಯೊಳಗೆ ಮಾತ್ರ.

8. ಅಪಾಯಗಳು

ಇದನ್ನು ಓದದೆ ಹೊರಡಬೇಡಿ. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ, ಮೇಕೆದಾಟು, ಚುಂಚಿ ಜಲಪಾತ, ಮಂಚನಬೆಲೆ, ಇಲ್ಲೆಲ್ಲ ನೀರಿಗಿಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ನದಿಯ ಬಂಡೆಗಳಲ್ಲಿ ನೀರು ಕೊರೆದ ಆಳವಾದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಮೊಣಕಾಲುದ್ದ ಎಂದುಕೊಂಡು ಇಟ್ಟ ಹೆಜ್ಜೆ ಆಳುದ್ದದ ನೀರಿಗೆ ಬೀಳಬಹುದು. ಚಿತ್ರಕ್ಕಾಗಿ ನೀರಿನೊಳಗೆ ನಿಲ್ಲಬೇಡಿ. ಒದ್ದೆ ಬಂಡೆಯಲ್ಲಿ ಮೇಲೆ ಹೇಳಿದ ಕಪ್ಪು ಪಟ್ಟೆಗಳ ಮೇಲೆ ಕಾಲಿಡಬೇಡಿ. ಒಣಗಿದಾಗ ಅವು ಒರಟಾಗಿದ್ದು, ಒದ್ದೆಯಾದ ಕೂಡಲೇ ಸೋಪಿನಂತೆ ಜಾರುತ್ತವೆ.

ಬಂಡೆಗಳ ಚಾಚಿನ ಕೆಳಗೆ ಹೆಜ್ಜೇನು ಗೂಡು ಕಟ್ಟಿರುತ್ತದೆ. ಸೆಂಟಿನ ವಾಸನೆ, ಹೊಗೆ, ಕೂಗಾಟ, ಡ್ರೋನಿನ ಸದ್ದು ಅವನ್ನು ಕೆರಳಿಸಬಹುದು. ಅವು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಆದಷ್ಟು ಬೇಗ ದೂರ ಸರಿಯಿರಿ. ಕಡಿದಾದ ಅಂಚಿನ ಕಡೆಗೆ ಮಾತ್ರ ಓಡಬೇಡಿ. ಸಾವನದುರ್ಗ, ರಾಮನಗರದ ಕಾಡುಗಳಲ್ಲಿ ಚಿರತೆ, ಕರಡಿಗಳೂ, ಬನ್ನೇರುಘಟ್ಟದಿಂದ ಸಂಗಮದವರೆಗಿನ ಕಾಡಿನಲ್ಲಿ ಆನೆಗಳೂ ಓಡಾಡುತ್ತವೆ. ನಸುಕಿನಲ್ಲಿ ಒಬ್ಬರೇ ನಡೆಯಬೇಡಿ, ಊರಿನವರು ಬೇಡ ಎಂದ ದಾರಿಗೆ ಹೋಗಬೇಡಿ.

ಏಪ್ರಿಲ್, ಮೇ ತಿಂಗಳಿನ ಸಿಡಿಲನ್ನು ಹಗುರವಾಗಿ ಕಾಣಬೇಡಿ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ. ಬೋಳು ಬಂಡೆಯ ನೆತ್ತಿಯಲ್ಲಿ ಲೋಹದ ಟ್ರೈಪಾಡ್ ಹಿಡಿದು ನಿಂತವರು ಅಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತುವಾಗಿರುತ್ತಾರೆ. ತಕ್ಷಣ ಇಳಿಯಲು ಶುರುಮಾಡಿ, ಒಂಟಿ ಮರದ ಕೆಳಗೆ ನಿಲ್ಲದೆ ವಾಹನದೊಳಗೋ ಕಟ್ಟಡದೊಳಗೋ ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮತ್ತೆ ಹತ್ತಬೇಡಿ.

9. ಮನೆಗೆ ಬಂದ ಮೇಲೆ

ಚಿತ್ರಗಳನ್ನು ಅದೇ ದಿನ ಎರಡು ಕಡೆ ನಕಲು ಮಾಡಿಟ್ಟುಕೊಂಡು, ಆಯ್ಕೆಯನ್ನು ಒಂದೆರಡು ದಿನ ಬಿಟ್ಟು ಮಾಡಿ. ದಣಿವಿನಲ್ಲಿ ಎಲ್ಲವೂ ಚೆನ್ನಾಗಿಯೋ ಎಲ್ಲವೂ ಕೆಟ್ಟದಾಗಿಯೋ ಕಾಣುತ್ತದೆ. ತಿದ್ದುವಾಗ ಬಣ್ಣದ ಗಾಢತೆಯನ್ನು ಏರಿಸುವ ಆಸೆಯನ್ನು ತಡೆದುಕೊಳ್ಳಿ. ಕುರುಚಲು ಕಾಡಿನ ಹಸಿರು ಬೂದು ಬೆರೆತದ್ದು, ಅದನ್ನು ಬಾಳೆ ಎಲೆಯ ಹಸಿರಾಗಿಸಿದರೆ ಅದು ನಮ್ಮ ಸೀಮೆಯಾಗಿ ಉಳಿಯುವುದಿಲ್ಲ. ಆಕಾಶವನ್ನು ಬೇರೆ ಚಿತ್ರದಿಂದ ತಂದು ಅಂಟಿಸಿದರೆ ಅದನ್ನು ಶೀರ್ಷಿಕೆಯಲ್ಲಿ ಹೇಳಿ.

ಚಿತ್ರ ಹಂಚಿಕೊಳ್ಳುವಾಗ ಬೆಟ್ಟದ ಹೆಸರು ಹೇಳಬಹುದು, ಆದರೆ ಹಕ್ಕಿಗಳ ಗೂಡು ಅಥವಾ ಜನ ಹೆಚ್ಚು ತುಳಿಯದ ದೊಣೆಗಳಿರುವ ನಿಖರ ಜಾಗವನ್ನು ನಕ್ಷೆಯಲ್ಲಿ ಗುರುತಿಸಬೇಡಿ. ಫೈಲಿನೊಳಗೆ ಅಡಗಿರುವ ಜಿಪಿಎಸ್ ಮಾಹಿತಿಯನ್ನೂ ತೆಗೆದುಹಾಕಿ. ಕೊನೆಯದಾಗಿ ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ, ನಿಂತ ಜಾಗ, ಬೆಳಕು ಬಂದ ದಿಕ್ಕು, ಹಿಂದಿನ ದಿನ ಮಳೆಯಾಗಿತ್ತೇ, ಕೆರೆಯಲ್ಲಿ ನೀರೆಷ್ಟಿತ್ತು ಎಂಬುದನ್ನು ಬರೆದಿಡಿ. ಮುಂದಿನ ವರ್ಷ ಅದೇ ಬಂಡೆಗೆ ಯಾವ ವಾರ ಹೋಗಬೇಕು ಎಂಬುದನ್ನು ಯಾವ ಆ್ಯಪಿಗಿಂತಲೂ ಚೆನ್ನಾಗಿ ಆ ಪುಟ ಹೇಳುತ್ತದೆ.